ಪ್ರಜ್ಞಾಪ್ರವಾಹದಲ್ಲಿ ತೇಲಿ ಬಂದವಳು

ಗಣೇಶಪ್ರಸಾದನ ಸಂಕಟಕ್ಕೆಲ್ಲ ಮೂಲ, ಅವನು ಪೂರ್ಣವಿರಾಮ ಹಾಕುವುದನ್ನು ಬಿಟ್ಟದ್ದು.

ಅದುವರೆಗೆ ಅವನು ಚಿಹ್ನೆಗಳ ಮಟ್ಟಿಗೆ ಬಹಳ ಮಡಿವಂತ. ಬೆಳ್ತಂಗಡಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ. ಮಕ್ಕಳ ಉತ್ತರಪತ್ರಿಕೆಯಲ್ಲಿ ಅಲ್ಪವಿರಾಮ ತಪ್ಪಿದರೆ ಅರ್ಧ ಅಂಕ ಕಳೆಯುವ ಪೈಕಿ. ಮೂಡುಬಿದಿರೆಯ ಸಾಹಿತ್ಯ ಬಳಗವೊಂದು ಪ್ರತಿ ವರ್ಷ ತುಳುವರ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ನಡೆಸುವ ಕಥಾಸ್ಪರ್ಧೆಗೆ ಹನ್ನೊಂದು ವರ್ಷದಿಂದ ತಪ್ಪದೆ ಕತೆ ಕಳಿಸುತ್ತಿದ್ದ. ಹನ್ನೊಂದು ವರ್ಷವೂ ಆ ಕತೆ, ಗಂಡನ ಮನೆಯಲ್ಲಿ ಜಗಳ ಮಾಡಿಕೊಂಡ ಮಗಳ ಹಾಗೆ ಗಂಟುಮೂಟೆ ಸಮೇತ ತಿರುಗಿ ಬರುತ್ತಿತ್ತು. ಜತೆಗೆ ತೀರ್ಪುಗಾರರಾದ ಪ್ರೊಫೆಸರ್ ತ್ಯಾಂಪಣ್ಣ ರೈಗಳ ಕೈಬರಹದಲ್ಲಿ ಒಂದು ಸಾಲು: ‘ಚೆನ್ನಾಗಿದೆ. ಆದರೆ ನಿಮ್ಮದು ಎನ್ನುವಂಥದ್ದು ಇದರಲ್ಲಿ ಏನೂ ಇಲ್ಲ.’

ಆ ಸಾಲು ಅವನಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಮೂವತ್ತಾರು ವರ್ಷ ದಾಟಿದ ಅವನಿಗೆ ಜೀವನದಲ್ಲಿ ಬೇಕಾದದ್ದು ಒಂದೇ. ಒಂದು ಕತೆ, ಅದರ ಕೆಳಗೆ ತನ್ನ ಹೆಸರು, ‘ಇದನ್ನು ಗಣೇಶಪ್ರಸಾದನಲ್ಲದೆ ಇನ್ಯಾರೂ ಬರೆಯಲಿಕ್ಕಿಲ್ಲ’ ಎಂದು ನಾಲ್ಕು ಜನ ಹೇಳಬೇಕು. ಅಷ್ಟೆ.

ಕಳೆದ ತಿಂಗಳು ರೈಗಳೇ ಒಂದು ಕಮ್ಮಟದಲ್ಲಿ ಉಪಾಯ ಹೇಳಿಕೊಟ್ಟರು. ರೈಗಳು ಬರೆದದ್ದು ಒಂದೇ ಕತೆ, ಮೂವತ್ತು ವರ್ಷಕ್ಕೂ ಹಿಂದೆ. ಆದರೆ ಅದು ಈ ಕಡೆಯ ಮೊದಲ ಪ್ರಜ್ಞಾಪ್ರವಾಹದ ಕತೆ ಎಂದು ಹೆಸರಾಗಿ, ಆಮೇಲೆ ಅವರು ಕತೆ ಬರೆಯುವ ಕಷ್ಟವೇ ಬರಲಿಲ್ಲ; ಆ ಕತೆಯ ಬಗ್ಗೆ ಉಪನ್ಯಾಸ ಕೊಡುವುದರಲ್ಲೇ ನಿವೃತ್ತರಾದರು. ಆ ಕತೆಯನ್ನು ಹೊಗಳಿ ಗಣೇಶಪ್ರಸಾದ ಮೂರು ಸನ್ಮಾನ ಸಭೆಗಳಲ್ಲಿ ಮಾತಾಡಿದ್ದ. ಓದಿರಲಿಲ್ಲ. ಪುಸ್ತಕ ಎಲ್ಲೂ ಸಿಗುತ್ತಿರಲಿಲ್ಲ. ಅಲ್ಲದೆ, ಹೊಗಳುವುದಕ್ಕೆ ಓದಲೇಬೇಕು ಎಂದು ನಮ್ಮಲ್ಲಿ ಯಾರೂ ಒತ್ತಾಯ ಮಾಡುವುದಿಲ್ಲ.

“ಮನಸ್ಸಿಗೆ ಆದಿ, ಮಧ್ಯ, ಅಂತ್ಯ ಅಂತ ಉಂಟಾ?” ಎಂದು ರೈಗಳು ಕಮ್ಮಟದಲ್ಲಿ ಕೇಳಿದ್ದರು. “ಬಸ್ಸಿಗೆ ಕಾಯುವಾಗ ಹಾಗಲಕಾಯಿ ನೆನಪಾಗ್ತದೆ. ಹಾಗಲಕಾಯಿಯಿಂದ ಅಮ್ಮ, ಅಮ್ಮನಿಂದ ಸತ್ತುಹೋದ ಅಜ್ಜ. ಅಜ್ಜ ಸತ್ತದ್ದು ನಿನ್ನೆಯಾ ಮೂವತ್ತು ವರ್ಷದ ಹಿಂದೆಯಾ, ಮನಸ್ಸಿಗೆ ಲೆಕ್ಕ ಇಲ್ಲ. ಅದೇ ಪ್ರಜ್ಞಾಪ್ರವಾಹ. ಪೆನ್ನು ಎತ್ತಬೇಡಿ, ಚಿಹ್ನೆ ಹಾಕಬೇಡಿ, ಯೋಚನೆ ಮಾಡಲೇಬೇಡಿ. ಒಳಗಿನ ಬಾಗಿಲು ತೆರೆದಿಡಿ. ಬರುವುದೆಲ್ಲ ಬರಲಿ.”

ಬಾಗಿಲು ತೆರೆದಿಟ್ಟರೆ ಯಾರೆಲ್ಲ ಬರಬಹುದು ಎಂದು ಗಣೇಶಪ್ರಸಾದ ಕೇಳಲಿಲ್ಲ.

ಸ್ಪರ್ಧೆಗೆ ಕೊನೆಯ ದಿನ ಸೋಮವಾರ. ಸಂಜೆ ನಾಲ್ಕರೊಳಗೆ ಕತೆ ಮೂಡುಬಿದಿರೆ ಮುಟ್ಟಬೇಕು. ಅವನು ಕಾಲೇಜಿಗೆ ರಜೆ ಹಾಕಿ, ಬೆಳಗ್ಗೆ ಐದಕ್ಕೆ ಎದ್ದು, ತಾನು ಬಾಡಿಗೆಗಿದ್ದ ಮಹಡಿಯ ಕೋಣೆಯಲ್ಲಿ ನೋಟ್‌ಬುಕ್ಕು ಬಿಡಿಸಿ ಕುಳಿತ. ಪೆನ್ನು ಹಾಳೆಗೆ ತಾಗಿಸಿದ್ದು ನೆನಪಿದೆ. ಆಮೇಲೆ ತಲೆಯೆತ್ತಿದಾಗ ಗಂಟೆ ಏಳೂವರೆ. ಇಪ್ಪತ್ತೆರಡು ಪುಟ ತುಂಬಿತ್ತು. ಮುಂಗೈ ಸೆಳೆಯುತ್ತಿತ್ತು. ಕೋಣೆಯಲ್ಲೆಲ್ಲ ಕೇದಗೆ ಹೂವಿನ ಪರಿಮಳ. ಹೊಸ ಊದುಬತ್ತಿ ಇರಬೇಕು ಎಂದುಕೊಂಡ. ಊದುಬತ್ತಿ ಹಚ್ಚಿದ ನೆನಪು ಮಾತ್ರ ಇರಲಿಲ್ಲ.

ಓದಿ ನೋಡಿದ. ಅವನಿಗೆ ಅಳುವಷ್ಟು ಸಂತೋಷವಾಯಿತು. ಕತೆ ಒಬ್ಬ ಹುಡುಗಿಯ ಮನಸ್ಸಿನೊಳಗೆ ನಡೆಯುತ್ತಿತ್ತು. ಕಾಲೇಜಿಗೆ ಹೋಗುವ, ಮೈ ಹುಷಾರಿಲ್ಲದ, ಏನನ್ನೋ ಕಾಯುತ್ತಿರುವ ಹುಡುಗಿ. ತನ್ನೊಳಗೆ ಇಷ್ಟು ಸೂಕ್ಷ್ಮವಾದ ಹೆಣ್ಣುಮನಸ್ಸು ಇಷ್ಟು ವರ್ಷ ಸುಮ್ಮನೆ ಕುಳಿತಿತ್ತಲ್ಲ ಎಂದು ತನ್ನ ಬಗ್ಗೆಯೇ ಅವನಿಗೆ ಗೌರವ ಬಂತು. ಉಸಿರಿನ ಓಟ ಸರಿಯಿದೆಯೋ ನೋಡಲು ಜಗಲಿಗೆ ಬಂದು ಗಟ್ಟಿಯಾಗಿ ಓದತೊಡಗಿದ.

“ಮೂರೂಕಾಲಿನ ಬಸ್ಸು ಹೋಯ್ತು ಇನ್ನು ನಾಲ್ಕೂವರೆಗೇ ದಾವಣಿಯ ಅಂಚಿಗೆ ಕೆಸರು ಅಮ್ಮ ಬೈತಾರೆ ಬೈದರೆ ಹಿಂದಿನ ಬಾವಿಕಟ್ಟೆಗೆ ಹೋಗಿ ಕೂರುವುದು ಬಾವಿಗೆ ಇಣುಕಿದರೆ ಕೆಳಗಿನಿಂದ ನಾನು ನನ್ನನ್ನು ನೋಡ್ತೇನೆ ಯಾರು ಮೇಲೆ ಯಾರು ಕೆಳಗೆ ಸೋಮವಾರ ಹೇಳ್ತೇನೆ ಅಂದಿದ್ದಾರೆ ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಬಾಯಿ ಯಾಕೆ ಇಷ್ಟು ಕಹಿ ಕಣ್ಣು ಹಳದಿ ಅಂತ ಅಣ್ಣ ನಗಾಡ್ತಾನೆ ಹಳದಿ ಅಲ್ಲ ಅಣ್ಣ ಬಿಸಿಲು...”

ಕೆಳಗೆ ಅಂಗಳದಲ್ಲಿ ಏನೋ ಢಣಾರೆಂದು ಬಿತ್ತು. ಪಕ್ಕದ ಮನೆಯ ಅಂಗನವಾಡಿ ಟೀಚರ್ ವಾರಿಜಾಕ್ಷಿ, ಡೈರಿಗೆ ಹಾಲು ಕೊಡಲು ಹೊರಟವರು, ಕ್ಯಾನು ಕೈಬಿಟ್ಟು ನಿಂತಿದ್ದರು. ಹಾಲು ಅಂಗಳದಲ್ಲಿ ಹರಿಯುತ್ತಿತ್ತು.

“ಶಂಭಣ್ಣಾ!” ಎಂದು ಅವರು ಕೂಗಿದರು. “ಒಮ್ಮೆ ಹೊರಗೆ ಬನ್ನಿ. ನಿಮ್ಮ ಮಾಳಿಗೆಯಲ್ಲಿ ಕಾಂತಿಯಕ್ಕ ಮಾತಾಡ್ತಾ ಇದ್ದಾರೆ!”

ಮನೆಯ ಯಜಮಾನರಾದ ಶಂಭು ಶೆಟ್ಟರು ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡೇ ಹೊರಗೆ ಬಂದರು. ಶೆಟ್ಟರು ಯಾರಿಗೂ ಹೆದರುವ ಜನವಲ್ಲ. ಆದರೆ ಕಾಂತಿ ಎನ್ನುವ ಹೆಸರು ಕೇಳಿದ್ದೇ ತಡ, ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಕಾಂತಿ ಅವರ ತಂಗಿ. ಮೂಡುಬಿದಿರೆಯ ಕಾಲೇಜಿನಲ್ಲಿ ಎರಡನೇ ಬಿ.ಎ. ಓದುವಾಗ ಕಾಮಾಲೆ ಬಂದು ತೀರಿಹೋಗಿ ಮೂವತ್ತೈದು ವರ್ಷವಾಗಿತ್ತು.

“ಇನ್ನೊಮ್ಮೆ ಓದಿ ಮಾಷ್ಟ್ರೆ,” ಎಂದರು ಶೆಟ್ಟರು.

ಗಣೇಶಪ್ರಸಾದ ಹೆಮ್ಮೆಯಿಂದ ಓದಿದ. ಹನ್ನೊಂದು ವರ್ಷದಲ್ಲಿ ಇನ್ನೊಮ್ಮೆ ಓದಿ ಎಂದು ಕೇಳಿದ ಮೊದಲ ಮನುಷ್ಯ ಇವರೇ. ನಾಲ್ಕು ಪುಟ ಮುಗಿಯುವಷ್ಟರಲ್ಲಿ ಶೆಟ್ಟರ ಮುಖದ ಸೋಪು ಕಣ್ಣೀರಿನೊಡನೆ ಕೆಳಗಿಳಿಯುತ್ತಿತ್ತು.

“ಸಾಕು. ಮುಂದೆ ನನಗೆ ಕೇಳ್ಲಿಕ್ಕೆ ಆಗುದಿಲ್ಲ. ಅವಳ ಕಣ್ಣು ಹಳದಿ ಅಂತ ಮೊದಲು ಹೇಳಿದ್ದು ನಾನೇ ಮಾಷ್ಟ್ರೆ. ತಮಾಷೆಗೆ ಹೇಳಿದ್ದು. ಆವತ್ತೇ ಆಸ್ಪತ್ರೆಗೆ ಕೊಂಡುಹೋಗಿದ್ದರೆ...” ಅವರು ತೋಳಿನಿಂದ ಮುಖ ಒರೆಸಿಕೊಂಡರು. “ಹಿಂದಿನ ಬಾವಿಯ ವಿಷಯ ನಿಮಗೆ ಯಾರು ಹೇಳಿದ್ದು? ಅದನ್ನು ಮುಚ್ಚಿ ಮೇಲೆ ಕಾರು ಶೆಡ್ ಕಟ್ಟಿ ಇಪ್ಪತ್ತು ವರ್ಷ ಆಯ್ತು. ನೀವು ಬಂದು ಆರು ತಿಂಗಳು.”

“ಯಾರೂ ಹೇಳಲಿಲ್ಲ ಶೆಟ್ರೆ. ಇದು ಪ್ರಜ್ಞಾಪ್ರವಾಹ ಅಂತ ಒಂದು ತಂತ್ರ,” ಎಂದು ಗಣೇಶಪ್ರಸಾದ ಪಾಠದ ಸ್ವರದಲ್ಲಿ ಶುರುಮಾಡಿದ. “ಬರೆಯುವಾಗ ನಾವು ಯೋಚನೆ ಮಾಡುವುದಿಲ್ಲ. ಮನಸ್ಸು ತಾನಾಗಿ ಹರಿಯುತ್ತದೆ. ಹಿಂದೆ ಮುಂದೆ ಇಲ್ಲ, ಕಾಲದ ಕಟ್ಟು ಇಲ್ಲ, ಯಾರದೋ ಮಾತು ನಮ್ಮೊಳಗಿಂದ ಬಂದ ಹಾಗೆ...”

“ಗೊತ್ತುಂಟು,” ಎಂದರು ಶೆಟ್ಟರು. “ನಮ್ಮಲ್ಲಿ ಭೂತದ ಪಾತ್ರಿಗೆ ಮೈಮೇಲೆ ದರ್ಶನ ಬಂದಾಗ ಹಾಗೆಯೇ ನುಡಿ ಬರುದು. ಆಮೇಲೆ ಕೇಳಿದರೆ ಅವರಿಗೂ ಒಂದೂ ನೆನಪಿರುದಿಲ್ಲ. ನೀವು ಕಾಲೇಜಿನವರು ಅದಕ್ಕೆ ಬೇರೆ ಹೆಸರು ಇಟ್ಟಿದ್ದೀರಿ, ಅಷ್ಟೇ.”

ವಾರಿಜಾಕ್ಷಿಗೆ ಎಲ್ಲವೂ ಅಂಗೈ ನೆಲ್ಲಿಕಾಯಿಯಷ್ಟು ಸ್ಪಷ್ಟವಾಗಿಹೋಯಿತು. ಶೆಟ್ಟರ ಮಗಳು ಪ್ರಾಪ್ತಿಗೆ ಇಪ್ಪತ್ತೆಂಟು. ಬಂದ ಐದು ಸಂಬಂಧಗಳೂ ಮಾತುಕತೆಯ ಕೊನೆಗೆ ಮುರಿದಿದ್ದವು. ಐದನೆಯವರ ಕಾರಂತೂ ಗೇಟಿನವರೆಗೆ ಬಂದು ನಾಲ್ಕೂ ಚಕ್ರ ಪಂಕ್ಚರಾಗಿ ನಿಂತಿತ್ತು. ಮದುವೆಯಾಗದೆ ತೀರಿಹೋದ ಹೆಣ್ಣಿನ ಪ್ರೇತ, ಅಂದರೆ ಕುಲೆ, ಮನೆಯಲ್ಲಿದ್ದರೆ, ಅದಕ್ಕೊಂದು ಮದುವೆ ಮಾಡದೆ ಬೇರೆ ಮದುವೆ ನಡೆಯುವುದಿಲ್ಲ. ಅದಕ್ಕೂ ಅಷ್ಟೇ ಹಿಂದೆ ತೀರಿಹೋದ ಒಬ್ಬ ವರ ಬೇಕು, ಗೋತ್ರದಂಥ ಬಳಿ ಬೇರೆಯಾಗಿರಬೇಕು, ಎರಡೂ ಮನೆಯವರು ಕುಳಿತು ಮಾತಾಡಿ, ಸೀರೆ ಪಂಚೆ ಇಟ್ಟು, ಊಟ ಹಾಕಿ ಮಾಡುವ ಮದುವೆ ಅದು. ಹೇಗೂ ಆಟಿ ತಿಂಗಳು, ಸತ್ತವರಿಗೆ ಬಡಿಸುವ ಕಾಲ.

“ಸೋಮವಾರ ಹೇಳ್ತೇನೆ ಅಂದದ್ದು ಯಾರಂತೆ?” ಎಂದು ಅವರು ಗಣೇಶಪ್ರಸಾದನನ್ನೇ ಕೇಳಿದರು. “ಯಾರೋ ಹುಡುಗ ಒಪ್ಪಿಗೆ ಹೇಳ್ತೇನೆ ಅಂತ ಕೈಕೊಟ್ಟದ್ದಾ?”

“ನನಗೇನು ಗೊತ್ತು? ಅದು ಕಲ್ಪನೆ!”

“ಪಾಪ, ಅವರಿಗೆ ಎಂತ ಗೊತ್ತು,” ಎಂದರು ಶೆಟ್ಟರು. “ಪುಸ್ತಕ ಇತ್ತ ಕೊಡಿ ಮಾಷ್ಟ್ರೆ. ದೇವರ ದೀಪದ ಎದುರು ಇಡಬೇಕು.”

ಗಣೇಶಪ್ರಸಾದ ನೋಟ್‌ಬುಕ್ಕನ್ನು ಎದೆಗೆ ಅವಚಿಕೊಂಡ. ಹನ್ನೊಂದು ವರ್ಷ ಕಾದು ಸಿಕ್ಕಿದ ಸ್ವಂತ ಕತೆ. ಅದನ್ನು ಇವರ ದೇವರಕೋಣೆಗೆ ಕೊಟ್ಟು ತಾನು ತೆಂಗಿನಕಾಯಿ ಒಡೆಯಬೇಕೇ? ನಾಲ್ಕು ಗಂಟೆಯೊಳಗೆ ಮೂಡುಬಿದಿರೆಗೆ ಮುಟ್ಟಿಸಲೇಬೇಕು ಎಂದು ಹಟ ಹಿಡಿದ. ಜೋಯಿಸರಲ್ಲಿ ಕೇಳದೆ ಅದು ಮನೆಯ ಗೇಟು ದಾಟಲಿಕ್ಕಿಲ್ಲ ಎಂದು ಶೆಟ್ಟರೂ ಹಟ ಹಿಡಿದರು. ಕೊನೆಗೆ ಜೋಯಿಸರು ವೇಣೂರಿನವರು, ವೇಣೂರು ಮೂಡುಬಿದಿರೆಯ ದಾರಿಯಲ್ಲೇ ಸಿಗುವುದು ಎಂದು ವಾರಿಜಾಕ್ಷಿ ರಾಜಿ ಮಾಡಿಸಿದರು. ತಾನೂ ಬರುತ್ತೇನೆ ಎಂದು ಹೇಳುವ ಅಗತ್ಯವೂ ಅವರಿಗೆ ಕಾಣಲಿಲ್ಲ; ಸೀರೆ ಬದಲಿಸಿ ಬಂದರು.

ಹಾಜಬ್ಬನ ಬಾಡಿಗೆ ಓಮ್ನಿ ಹತ್ತು ಗಂಟೆಗೆ ಬಂತು. ಗಣೇಶಪ್ರಸಾದ ಹಿಂದಿನ ಸೀಟಿಗೆ ಹತ್ತಲು ಹೋದರೆ ವಾರಿಜಾಕ್ಷಿ ತಡೆದರು.

“ಅಲ್ಲಿ ಬೇಡ ಸಾರ್. ಕಿಟಿಕಿಯ ಹತ್ತಿರ ಕಾಂತಿಯಕ್ಕನಿಗೆ ಬಿಡಿ. ಅವರಿಗೆ ಮೊದಲಿಂದಲೂ ಬಸ್ಸಲ್ಲಿ ವಾಂತಿ ಬರ್ತಿತ್ತು.”

ಹಾಜಬ್ಬ ಕನ್ನಡಿಯಲ್ಲಿ ಹಿಂದೆ ನೋಡಿ ಎಣಿಸಿದ. “ಶೆಟ್ರೆ, ನಾನು ಯಾರ ನಂಬಿಕೆಗೂ ಬರುದಿಲ್ಲ. ಆದರೆ ಒಂದು ಹೇಳಿ. ಗಾಡಿಯಲ್ಲಿ ಈಗ ನಾಲ್ಕು ಜನವಾ, ಐದಾ?”

“ನೀನು ಮುಂದೆ ನೋಡಿ ಬಿಡು ಮಾರಾಯ,” ಎಂದರು ಶೆಟ್ಟರು.

ಗುರುವಾಯನಕೆರೆ ದಾಟುವಷ್ಟರಲ್ಲಿ ವಾರಿಜಾಕ್ಷಿ ಫೋನಿನಲ್ಲಿ ವರಾನ್ವೇಷಣೆ ಶುರುಮಾಡಿದ್ದರು. ನಾಲ್ಕನೆಯ ಕರೆಗೇ ಫಲ ಸಿಕ್ಕಿತು.

“ಶಂಭಣ್ಣ, ಬಂಟ್ವಾಳದ ಹತ್ತಿರ ಒಬ್ಬ ಹುಡುಗ ಉಂಟು. ಒಳ್ಳೆ ಮನೆತನ. ಬಳಿಯೂ ಬೇರೆ. ಕುಡಿತ ಇಲ್ಲ, ಸಿಗರೇಟಿಲ್ಲ, ಯಾರ ತಂಟೆಗೂ ಇಲ್ಲ.”

“ತೀರಿ ಎಷ್ಟು ವರ್ಷ ಆಯ್ತು?”

“ಮೂವತ್ತಾರು. ಕಾಂತಿಯಕ್ಕನಿಗಿಂತ ಒಂದು ವರ್ಷ ಹಿರಿಯ. ಸರಿಯಾದ ಜೋಡಿ.”

ಗಣೇಶಪ್ರಸಾದನಿಗೆ ನಗು ಬಂತು. ನಗಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದ. ಯಾರೂ ಕುಳಿತಿರದ ಕಿಟಿಕಿಯ ಬದಿಯಿಂದ ಕೇದಗೆಯ ಪರಿಮಳ ಬರುತ್ತಿತ್ತು.

ಜೋಯಿಸರಲ್ಲಿ ಅಂದು ಜನವೋ ಜನ. ಇವರ ಸರದಿ ಬರುವಾಗ ಮಟಮಟ ಮಧ್ಯಾಹ್ನ. ಮಳೆ ಬಿಟ್ಟು ಕಾಯುವ ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಎನ್ನುತ್ತಾರೆ. ಅಂಥ ಬಿಸಿಲು. ಅಂಗಳದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ, ನಾಯಿ ಕೂಡ ನೆರಳಿಗೆ ಸರಿದಿತ್ತು. ಇವರು ಇಳಿದು ಹತ್ತು ಹೆಜ್ಜೆ ಹೋಗಿದ್ದರಷ್ಟೆ, ಹಿಂದೆ ಓಮ್ನಿಯ ಎಡಬದಿಯ ಬಾಗಿಲು ಸರ್ರನೆ ತೆರೆದುಕೊಂಡಿತು. ಸ್ವಲ್ಪ ಹೊತ್ತು ಹಾಗೆಯೇ ಇದ್ದು ಮೆಲ್ಲಗೆ ಮುಚ್ಚಿಕೊಂಡಿತು.

“ಗಾಳಿ ಇರಬೇಕು,” ಎಂದ ಗಣೇಶಪ್ರಸಾದ.

“ಗಾಳಿಯಾ?” ಹಾಜಬ್ಬನ ಮುಖ ಬಿಳಿಚಿಕೊಂಡಿತ್ತು. “ಆ ಬಾಗಿಲು ಜಾಮ್ ಆಗಿ ಮೂರು ತಿಂಗಳು ಆಯ್ತು ಸಾರ್. ನಾನು, ಮೆಕ್ಯಾನಿಕ್ ಇಬ್ಬರೂ ಎಳೆದರೂ ಬರಲಿಲ್ಲ.” ಅವನು ಗಾಡಿಯ ಹತ್ತಿರ ಹೋಗದೆ, ಇವರೊಡನೆಯೇ ಬಂದು ಜೋಯಿಸರ ಜಗಲಿಯ ತುದಿಯಲ್ಲಿ ಕುಳಿತ.

ಜೋಯಿಸರು ಕವಡೆ ಹರಡಿದರು, ಗುಣಿಸಿದರು, ತಲೆಯಾಡಿಸಿದರು. “ಆಸೆ ಉಂಟು. ಗಟ್ಟಿ ಆಸೆ. ಎಂತದು ಅಂತ ಕವಡೆ ಹೇಳುದಿಲ್ಲ. ಬರೆಯುವವರನ್ನು ಹೇಗೂ ಕರಕೊಂಡು ಬಂದಿದ್ದೀರಲ್ಲ, ಬಂಟ್ವಾಳದ ಹುಡುಗ ಆಗಬಹುದಾ ಅಂತ ಅವಳಲ್ಲೇ ಕೇಳುವ. ಬರೆಯಿರಿ.”

ಗಂಟೆ ಒಂದೂಕಾಲು. ಗಣೇಶಪ್ರಸಾದನಿಗೆ ಆಗ ಒಂದು ಉಪಾಯ ಹೊಳೆಯಿತು. ಇವರಿಗೆ ಬೇಕಾದದ್ದು ಕುಲೆಯ ಮಾತು ತಾನೆ? ತಾನೇ ಬರೆದುಕೊಟ್ಟರಾಯಿತು. ಅವನು ಕಣ್ಣು ಮುಚ್ಚಿ, ಸ್ವಲ್ಪ ತೂ‌ಗಾಡಿ, ಬೇಕೆಂದೇ ಅಕ್ಷರ ಓರೆ ಮಾಡಿ ಬರೆದ: ‘ಮೂಡುಬಿದಿರೆಗೆ ಹೋಗಬೇಕು ನಾಲ್ಕರ ಒಳಗೆ ಹೋಗಬೇಕು.’ ಪೆನ್ನು ಇಟ್ಟು ಕಣ್ಣು ಬಿಟ್ಟ. ಜೋಯಿಸರು ಹಾಳೆ ಎತ್ತಿ ಓದಿದರು.

“ಮೂಡುಬಿದಿರೆಗೆ ಹೋಗಬೇಕು ನಾಲ್ಕರ ಒಳಗೆ ಹೋಗಬೇಕು.”

“ನೋಡಿದಿರಾ?” ಎಂದ ಗಣೇಶಪ್ರಸಾದ.

ಜೋಯಿಸರ ಓದು ಮುಗಿದಿರಲಿಲ್ಲ. “ಬಂಟ್ವಾಳದವನು ಬೇಡ ಅವನ ಪರಿಚಯ ಉಂಟು ಇಡೀ ದಿನ ತನ್ನ ಬೈಕಿನ ವಿಷಯವೇ ಮಾತಾಡ್ತಾನೆ ಬೇರೆ ಏನೂ ಗೊತ್ತಿಲ್ಲ ಈ ಮಾಷ್ಟ್ರ ಅಕ್ಷರ ಕೋಳಿ ಕೆದರಿದ ಹಾಗೆ ಉಂಟು ಇರಲಿ ಬೇರೆ ಕೈ ಸಿಗಲಿಲ್ಲ.”

ಗಣೇಶಪ್ರಸಾದ ಹಾಳೆ ಕಸಿದುಕೊಂಡು ನೋಡಿದ. ಶಾಯಿ ಇನ್ನೂ ಒಣಗಿರಲಿಲ್ಲ. ಅವನು ಪೆನ್ನಿಗೆ ಮುಚ್ಚಳ ಹಾಕಿ ಕಿಸೆಗೆ ತುರುಕಿದ.

“ಆ ಹುಡುಗ ಹೋದದ್ದು ಬೈಕ್ ಆಕ್ಸಿಡೆಂಟಲ್ಲಿ,” ಎಂದರು ವಾರಿಜಾಕ್ಷಿ ಸಣ್ಣ ಸ್ವರದಲ್ಲಿ. “ಅದು ನನಗೆ ಫೋನಲ್ಲಿ ಹೇಳಿದ್ರು. ನಾನು ನಿಮಗೆ ಯಾರಿಗೂ ಹೇಳಲೇ ಇಲ್ಲ.”

ಶೆಟ್ಟರು ಎದ್ದರು. “ಹುಡುಗಿಗೆ ಒಪ್ಪಿಗೆ ಇಲ್ಲದ ಸಂಬಂಧ ಬೇಡ. ಮೂಡುಬಿದಿರೆಗೆ ಹೋಗುವ. ಅವಳೇ ಹೇಳಿದ ಮೇಲೆ ಅಲ್ಲಿ ಏನೋ ಉಂಟು.”

ಗಣೇಶಪ್ರಸಾದನಿಗೆ ಬೇಕಾದದ್ದು ಅದೇ ಆಗಿತ್ತು. ಆದರೂ ಓಮ್ನಿಯಲ್ಲಿ ಅವನು ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡೇ ಕುಳಿತಿದ್ದ. ಎಲ್ಲದಕ್ಕೂ ಒಂದು ವಿವರಣೆ ಇರುತ್ತದೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ವಿವರಣೆ ಯಾವುದು ಎಂದು ಮಾತ್ರ ಹೊಳೆಯಲಿಲ್ಲ.

ದಾರಿಯಲ್ಲಿ ಒಂದು ಕಡೆ ಟಯರು, ಇನ್ನೊಂದು ಕಡೆ ವಾರಿಜಾಕ್ಷಿಯ ಚಹಾ, ಅಂತೂ ಮೂಡುಬಿದಿರೆಯ ಬಳಗದ ಕಚೇರಿ ಮುಟ್ಟುವಾಗ ಮೂರೂಮುಕ್ಕಾಲು. ಉಳಿದವರನ್ನು ಕೆಳಗೆ ಬಿಟ್ಟು ಗಣೇಶಪ್ರಸಾದ ಮೆಟ್ಟಿಲು ಹಾರಿ ಹತ್ತಿದ. ಫ್ಯಾನಿನ ಕೆಳಗೆ ಪ್ರೊಫೆಸರ್ ರೈಗಳು ಕತೆಗಳ ರಾಶಿಯ ನಡುವೆ ಕುಳಿತಿದ್ದರು.

“ಹನ್ನೆರಡನೇ ಸಲವಾ?” ಎಂದು ನಕ್ಕರು. “ಕೊಡಿ, ನೋಡುವ.”

ಮೊದಲ ಪುಟವನ್ನು ಅವರು ನಗುತ್ತಲೇ ಓದಿದರು. ಎರಡನೆಯ ಪುಟಕ್ಕೆ ನಗು ನಿಂತಿತು. ನಾಲ್ಕನೆಯ ಪುಟದಲ್ಲಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಮೇಜಿನಿಂದ ಕೆಂಪು ಶಾಯಿಯ ಪೆನ್ನು ತೆಗೆದರು.

“ಗಣೇಶಪ್ರಸಾದ್, ಇದು ಯಾರು ಬರೆದದ್ದು?”

“ನಾನೇ ಸರ್. ಸ್ವಂತದ್ದು.”

“ಇದು ನನ್ನ ಕತೆ. ಪದಕ್ಕೆ ಪದ ನನ್ನದು. ನೀವು ಮೂರು ಸಲ ಭಾಷಣ ಮಾಡಿದ್ದು ಇದೇ ಕತೆಯ ಮೇಲೆ. ಓದಿದ್ದೀರಿ ತಾನೆ?”

ಗಣೇಶಪ್ರಸಾದ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಓದಿದ್ದೇನೆ ಎಂದರೆ ಕಳ್ಳ. ಓದಿಲ್ಲ ಎಂದರೆ ಮೂರು ಸನ್ಮಾನದ ಸುಳ್ಳುಗಾರ. “ಅಲ್ಲಲ್ಲಿ ಓದಿದ್ದೇನೆ ಸರ್,” ಎಂದ.

“ಕೃತಿಚೌರ್ಯ!” ರೈಗಳು ಕೆಂಪು ಪೆನ್ನಿನಲ್ಲಿ ಬರೆಯಲು ಹೊರಟವರು, ಎಲ್ಲಿಯವರೆಗೆ ಕದ್ದಿದ್ದಾನೆ ನೋಡುವ ಎಂದು ಕೊನೆಯ ಪುಟಗಳನ್ನು ತಿರುವಿದರು. ಹದಿನೆಂಟು ಪುಟಕ್ಕೆ ಅವರ ಕತೆ ಮುಗಿದಿತ್ತು. ಹತ್ತೊಂಬತ್ತನೆಯ ಪುಟ ಮುಂದುವರಿದಿತ್ತು.

‘ನನ್ನ ಬೊಜ್ಜ ಉತ್ತರಕ್ರಿಯೆಯ ದಿನ ಅವರು ಬಂದರು ಬಾಳೆಲೆ ಹಾಕಿ ನನಗೆ ಬಡಿಸಿ ಎಲ್ಲರೂ ಬಾಗಿಲು ಎಳೆದುಕೊಂಡು ಹೊರಗೆ ಹೋದರು ಒಬ್ಬಳೇ ಉಣ್ಣಲು ನನಗೆ ಬೇಸರ ಅವರು ಅಣ್ಣನ ಹತ್ತಿರ ಕಾಲೇಜು ಸಂಚಿಕೆಯಲ್ಲಿ ಹಾಕ್ತೇವೆ ಅಂದರು ನನ್ನ ದಿಂಬಿನ ಅಡಿಯ ಪುಸ್ತಕ ಚೀಲಕ್ಕೆ ಹಾಕಿಕೊಂಡರು ನಾನು ಬಾಗಿಲ ಹತ್ತಿರವೇ ನಿಂತಿದ್ದೆ ಚೆನ್ನಾಗಿದೆಯಾ ಸರ್ ಸೋಮವಾರ ಹೇಳ್ತೇನೆ ಅಂದಿದ್ರಲ್ಲ ಎಂದು ಕೇಳಿದೆ ಅವರು ಮುಖ ಎತ್ತಲಿಲ್ಲ’

ರೈಗಳ ಕೈಯಿಂದ ಪೆನ್ನು ಜಾರಿತು. ಬೆಳಗ್ಗೆ ಗಣೇಶಪ್ರಸಾದ ಈ ಪುಟವನ್ನೂ ಓದಿದ್ದ; ಎಂಥ ಕಲ್ಪನೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಈಗ ರೈಗಳ ಮುಖ ನೋಡಿದ ಮೇಲೆ ಅವನಿಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ಬಾಗಿಲ ಹತ್ತಿರ ನಿಂತ ಆ ಹುಡುಗಿಯನ್ನು ನೆನೆದು ಅವನು ತಿರುಗಿ ಬಾಗಿಲ ಕಡೆ ನೋಡಿದ.

ಅಷ್ಟರಲ್ಲಿ ಹೊತ್ತಾಯಿತೆಂದು ಶೆಟ್ಟರೂ ವಾರಿಜಾಕ್ಷಿಯೂ ಮೇಲೆ ಬಂದರು. ಶೆಟ್ಟರು ರೈಗಳನ್ನೇ ದಿಟ್ಟಿಸಿದರು.

“ನೀವು ಕಾಂತಿಯ ಕನ್ನಡ ಸಾರಲ್ವಾ? ತಲೆಕೂದಲು ಹೋಗಿದೆ, ಗುರುತು ಹೋಗಲಿಲ್ಲ. ಅವಳ ಪುಸ್ತಕ ಕೊಂಡುಹೋದವರು ನೀವೇ. ಸಂಚಿಕೆಯಲ್ಲಿ ಬರ್ತದೆ ಅಂದಿದ್ರಿ. ನಾನು ಎರಡು ವರ್ಷ ಕಾದೆ.”

“ಸೋಮವಾರ ಹೇಳ್ತೇನೆ ಅಂದವರು ಇವರೇ ಶಂಭಣ್ಣ!” ವಾರಿಜಾಕ್ಷಿ ಕೈ ಬಾಯಿಗೆ ಇಟ್ಟುಕೊಂಡರು. “ಸಾರ್, ನಿಮಗೆ ಮದುವೆ ಆಗಿದೆಯಾ?”

“ಇಲ್ಲ,” ಎಂದರು ರೈಗಳು, ಕೇಳಿದ್ದಕ್ಕೆ ಉತ್ತರ ಕೊಡುವ ಮಗುವಿನ ಹಾಗೆ.

“ಯಾವ ಬಳಿ?”

ಹೇಳಿದರು. ಶೆಟ್ಟರೂ ವಾರಿಜಾಕ್ಷಿಯೂ ಮುಖ ಮುಖ ನೋಡಿಕೊಂಡರು. ಬಳಿ ಬೇರೆ. ಜಾತಿ ಒಂದೇ. ಹುಡುಗಿ ಕಾಯುತ್ತಿದ್ದದ್ದೂ ಇವರನ್ನೇ. ಒಂದೇ ಒಂದು ಅಡ್ಡಿಯೆಂದರೆ, ವರ ಕುರ್ಚಿಯಲ್ಲಿ ಕುಳಿತು ಉಸಿರಾಡುತ್ತಿದ್ದ.

ಶೆಟ್ಟರು ರೈಗಳ ಭುಜದ ಮೇಲೆ ಮೃದುವಾಗಿ ಕೈಯಿಟ್ಟರು. “ಅವಸರ ಇಲ್ಲ ಸಾರ್. ಮೂವತ್ತೈದು ವರ್ಷ ಕಾದವಳು, ಇನ್ನು ಸ್ವಲ್ಪ ಕಾಯ್ತಾಳೆ. ನಾವೂ ಕಾಯ್ತೇವೆ. ಆದರೆ ತುಂಬಾ ತಡ ಮಾಡಬೇಡಿ. ಪ್ರಾಪ್ತಿಗೆ ಈಗಲೇ ಇಪ್ಪತ್ತೆಂಟು.”

ರೈಗಳು ಬೆವರಿ ಒದ್ದೆಯಾದರು. ಗಣೇಶಪ್ರಸಾದನನ್ನು ಕಿಟಿಕಿಯ ಹತ್ತಿರ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. “ಕತೆ ನಿಮ್ಮದೇ. ನಾನು ಹೇಳಿದ್ದು ಮರೆತುಬಿಡಿ. ನನ್ನ ಪುಸ್ತಕದ ಪ್ರತಿ ಊರಲ್ಲಿ ಎಲ್ಲಿಯೂ ಇಲ್ಲ. ಹತ್ತೊಂಬತ್ತರಿಂದ ಮುಂದಿನ ಪುಟ ಮಾತ್ರ ನನಗೆ ಕೊಡಿ. ಪ್ರಥಮ ಬಹುಮಾನ ನಿಮಗೆ. ಇವರನ್ನು ಮಾತ್ರ ಇಲ್ಲಿಂದ ಕರಕೊಂಡು ಹೋಗಿ.”

ಗಣೇಶಪ್ರಸಾದ ಮೇಜಿನಿಂದ ನೋಟ್‌ಬುಕ್ಕು ಎತ್ತಿಕೊಂಡ. ಮೂವತ್ತೈದು ವರ್ಷದ ಹಿಂದೆ ಒಬ್ಬರು ಕದ್ದದ್ದನ್ನು ಈಗ ತಾನು ಇನ್ನೊಮ್ಮೆ ಕದಿಯುವುದು. ತಪ್ಪು ಎಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಹನ್ನೊಂದು ವರ್ಷ ತಿರುಗಿ ಬಂದ ಲಕೋಟೆಗಳೂ ನೆನಪಾದವು. ಎಷ್ಟೆಂದರೂ ಕೈ ನೋಯಿಸಿಕೊಂಡವನು ತಾನಲ್ಲವೇ? ಮನುಷ್ಯನ ಮನಸ್ಸು ಹರಿಯಲು ತೊಡಗಿದರೆ ಇಳಿಜಾರು ಇರುವ ಕಡೆಗೇ ಹರಿಯುತ್ತದೆ. ಅವನು ನಾಲ್ಕು ಪುಟ ಹರಿದು ರೈಗಳ ಕೈಗೆ ಕೊಟ್ಟ.

“ಇಲ್ಲೊಂದು ರುಜು ಹಾಕಿ,” ರೈಗಳು ಅಚ್ಚು ಹಾಕಿದ ಫಾರಮ್ಮು ಮುಂದಿಟ್ಟರು. ‘ಈ ಕತೆ ನನ್ನ ಸ್ವಂತ ರಚನೆ ಎಂದು ದೃಢೀಕರಿಸುತ್ತೇನೆ.’

ಗಣೇಶಪ್ರಸಾದ ದೊಡ್ಡದಾಗಿ ರುಜು ಹಾಕಿದ. ರೈಗಳು ಅದನ್ನು ನೋಡಿ ಕುರ್ಚಿಗೆ ಒರಗಿದರು. ಫಾರಮ್ಮಿನ ಮೇಲೆ ಮುತ್ತು ಪೋಣಿಸಿದಂಥ ದುಂಡು ಅಕ್ಷರದಲ್ಲಿ ‘ಕು. ಕಾಂತಿ ಶೆಟ್ಟಿ, ದ್ವಿತೀಯ ಬಿ.ಎ.’ ಎಂದಿತ್ತು.

“ತಪ್ಪಿತು ಸರ್. ಇನ್ನೊಂದು ಫಾರಮ್ಮು ಕೊಡಿ.”

ಎರಡನೆಯದರಲ್ಲೂ ಕಾಂತಿ ಶೆಟ್ಟಿ. ಮೂರನೆಯದರಲ್ಲಿ ಅವನು ಒಂದನೇ ಕ್ಲಾಸಿನ ಹುಡುಗನಂತೆ ನಾಲಿಗೆ ಕಚ್ಚಿಕೊಂಡು, ‘ಗ’ ಎಂದು ಬಾಯಿಬಿಟ್ಟು ಹೇಳುತ್ತ, ಎಡಗೈಯಿಂದ ಬರೆದ. ಕಾಂತಿ ಶೆಟ್ಟಿ. ಎಡಗೈಯಲ್ಲೂ ಅಕ್ಷರ ಅಷ್ಟೇ ದುಂಡಗಿತ್ತು.

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಒಂದೇ ನಿಮಿಷ. ರೈಗಳು ಮೇಜಿನ ಖಾನೆ ಎಳೆದು ಮೊಹರಿನ ಶಾಯಿಪ್ಯಾಡು ಹೊರತೆಗೆದರು. “ರುಜು ಹಾಕ್ಲಿಕ್ಕೆ ಬಾರದವರು ಹೆಬ್ಬೆಟ್ಟು ಒತ್ತಬಹುದು. ನಿಯಮದಲ್ಲಿ ಉಂಟು. ಒತ್ತಿ, ಬೇಗ.”

ಚಿನ್ನದ ಪದಕ ಪಡೆದ ಕನ್ನಡ ಎಂ.ಎ. ಹೆಬ್ಬೆಟ್ಟು ಒತ್ತಿದ. ನಾಚಿಕೆಯಾಯಿತು, ಆದರೂ ನೆಮ್ಮದಿಯಾಯಿತು. ಹೆಬ್ಬೆಟ್ಟಿಗಾದರೂ ಹೆಸರು ಬರೆಯುವ ವಿದ್ಯೆ ಇಲ್ಲವಲ್ಲ.

ಶೆಟ್ಟರು ಅವನ ಹೆಗಲ ಮೇಲಿನಿಂದ ಬಗ್ಗಿ ಫಾರಮ್ಮನ್ನು ನೋಡಿದರು. ಒತ್ತು ಚಿಕ್ಕದಾಗಿತ್ತು, ನೀಳವಾಗಿತ್ತು. ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ ಓಡಿತ್ತು.

“ಇದು ನಮ್ಮ ಕಾಂತಿಯದ್ದೇ,” ಎಂದರು ಅವರು. “ಎಂಟನೇ ಕ್ಲಾಸಲ್ಲಿ ಹಲಸಿನಕಾಯಿ ಕೊರೆಯುವಾಗ ಮೆಟ್ಟುಕತ್ತಿ ತಾಗಿದ್ದು. ಮೂರು ಹೊಲಿಗೆ ಹಾಕಿತ್ತು.”

ಗಣೇಶಪ್ರಸಾದ ತನ್ನ ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಶಾಯಿ ಇತ್ತು. ಗಾಯದ ಗುರುತು ಎಲ್ಲಿಯೂ ಇರಲಿಲ್ಲ.